ಹಸಿರು ಸಿಪ್ಪೆಯ ಬ್ಯಾಟರಿ

ಬೆಳಿಗ್ಗೆ ಒಲೆಗೆ ಸೌದೆ ತುಂಬಿದ ಮೇಲೆ ಅಕಾಯಿತಿ ಮಾಡುತ್ತಿದ್ದ ಮೊದಲ ಕೆಲಸ ಗಂಡನ ಬಲಗಾಲಿನ ಬೆರಳುಗಳನ್ನು ಮುಟ್ಟಿ ನೋಡುವುದು. ಅಂಗೈಯಿಂದಲ್ಲ, ಮಗುವಿನ ಜ್ವರ ನೋಡುವ ಹಾಗೆ ಕೈಯ ಹಿಂಬದಿಯಿಂದ.

“ಹೇಗಿದೆ?” ಎಂದು ಮಾರಾ ಹಾಸಿಗೆಯಿಂದಲೇ ಕೇಳುತ್ತಿದ್ದ.

“ಮೀನಿನ ಹಾಗಿದೆ.”

“ಈಗ ಹಿಡಿದದ್ದಾ, ಫ್ರಿಜ್ಜಿನದ್ದಾ?”

“ಫ್ರಿಜ್ಜಿಂದು. ಹಲ್ಲು ಕಿರೀಬೇಡ.”

ಅಡುಗೆಮನೆಯಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ತೆಪಾಯೆರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಅಪ್ಪ ನಗಿಸಲು ನೋಡಿದ ದಿನ ಕಾಲು ಹೆಚ್ಚು ನೋಯುತ್ತಿದೆ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಹ್ಯಾಮಿಲ್ಟನ್ನಿನ ಆಸ್ಪತ್ರೆಯ ವೈದ್ಯೆ ಬಿಡಿಸಿ ಹೇಳಿದ್ದಳು. ಕಾಲಿಗೆ ರಕ್ತ ಹೋಗುವ ದಾರಿ ಕಟ್ಟಿಕೊಂಡಿದೆ. ಕೊಯ್ದು ಹೊಸ ದಾರಿ ಮಾಡಿಕೊಡಬಹುದು, ಆದರೆ ತಂಬಾಕು ಬಿಟ್ಟರೆ ಮಾತ್ರ. ಬಿಡದಿದ್ದರೆ ಹೊಸ ದಾರಿಯೂ ಕಟ್ಟಿಕೊಳ್ಳುತ್ತದೆ, ಕಾಲು ಉಳಿಯುವುದಿಲ್ಲ.

ಮಾರಾ ಮೀಸೆ ಮೂಡುವ ಮೊದಲೇ ತಮ್ಮೂರಾದ ಟೊಕೊರೋವಾದ ಕಾಗದದ ಕಾರ್ಖಾನೆ ಸೇರಿದವನು. ತಂಬಾಕು ಸುತ್ತಿ ಸೇದುವುದನ್ನು ಅಲ್ಲಿಯೇ ಕಲಿತ. ಯಂತ್ರ ನಿಂತು ಕೆಲಸ ಹೋದ ಮೇಲೂ ತಂಬಾಕಿನ ಚೀಲ ಮಾತ್ರ ಅವನ ಜೇಬು ಬಿಟ್ಟಿರಲಿಲ್ಲ. ಚಟ ಬಿಡಿಸಲು ತೋಳಿಗೆ ಅಂಟಿಸುವ ಪಟ್ಟಿ ಆಯಿತು, ಅಗಿಯುವ ಗಮ್ಮು ಆಯಿತು, ಪಾದ್ರಿಯ ಪ್ರಾರ್ಥನೆಯೂ ಆಯಿತು. ಕೊನೆಗೆ ಉಳಿದದ್ದು ಮಗಳ ಅಂಗಡಿ.

ಓದು ಮುಗಿಸಿ ಊರಿಗೆ ಬಂದ ತೆಪಾಯೆರುವಿಗೆ ಸಿಕ್ಕಿದ್ದು ಪೇಟೆಬೀದಿಯ ವೇಪ್ ಅಂಗಡಿಯ ಕೆಲಸ. ತಂಬಾಕಿನ ಬದಲು ಆವಿ ಎಳೆಯುವ ಡಬ್ಬಿಗಳು, ಅದಕ್ಕೆ ತುಂಬುವ ರಸ, ಬ್ಯಾಟರಿಗಳು. ಅವಳ ಅಜ್ಜಿಗೆ, ಅಂದರೆ ಮಾರಾನ ತಾಯಿ ಮೆರೆಗೆ, ಇದು ಸರಿಬಿದ್ದಿರಲಿಲ್ಲ.

“ಹೊಗೆ ಮಾರೋಕೆ ಅಷ್ಟೆಲ್ಲ ಓದ್ಬೇಕಿತ್ತಾ?” ಎಂದು ಕೌದಿ ಹೊಲಿಯುತ್ತ ಕೇಳುತ್ತಿದ್ದಳು.

“ಹೊಗೆಯಲ್ಲ ಅಜ್ಜಿ, ಆವಿ.”

“ಕೆಸುವಿನ ಗೆಡ್ಡೆ ಬೇಯುತ್ತಾ ಅದ್ರಲ್ಲಿ?”

ತೆಪಾಯೆರು ಮಾತಿಗೆ ಮಾತು ಬೆಳೆಸುವವಳಲ್ಲ. ಅಂಗಡಿಯಲ್ಲಿ ಗಿರಾಕಿಗಳೊಂದಿಗೂ ಅಷ್ಟೇ, ಕೇಳಿದ್ದಕ್ಕೆ ಉತ್ತರ ಕೊಟ್ಟು ಕಣ್ಣು ತಗ್ಗಿಸುತ್ತಿದ್ದಳು. ಆದರೆ ಅಪ್ಪ ಕುಂಟುತ್ತ ಬಂದು ಗಾಜಿನ ಕಪಾಟಿಗೆ ಒರಗಿ ನಿಂತ ದಿನ ಅವಳು ಜಾಸ್ತಿಯೇ ಮಾತಾಡಬೇಕಾಯಿತು. ಅವನಿಗೆ ಹಿಡಿಸಿದ ಡಬ್ಬಿಗೆ ಎರಡು ಬ್ಯಾಟರಿ ಬೇಕಿತ್ತು. ಮಾರಾ ಕಪಾಟಿನೊಳಗೆ ಬೆರಳು ತೋರಿಸಿದ.

“ಇದರ ಮೇಲೆ ದೊಡ್ಡ ನಂಬರ್ ಇದೆ, ಬೆಲೆನೂ ಕಮ್ಮಿ. ಇದೇ ಕೊಡು.”

“ಆ ನಂಬರ್ ಸುಳ್ಳು, ಅಪ್ಪ.”

“ಸುಳ್ಳಾ? ಅಚ್ಚು ಹಾಕಿದಾರಲ್ಲೇ.”

“ಇಷ್ಟು ಗಾತ್ರದ್ರಿಂದ ಅಷ್ಟು ಕರೆಂಟು ಬರೋದೇ ಇಲ್ಲ. ಯಾವುದೋ ಹಳೇದಕ್ಕೆ ಹೊಸ ಪ್ಲಾಸ್ಟಿಕ್ ಸಿಪ್ಪೆ ಸುತ್ತಿ, ಮೇಲೆ ಮನಸಿಗೆ ಬಂದಿದ್ದು ಬರೀತಾರೆ. ಜೋರಾಗಿ ಎಳೆದ್ರೆ ಒಳಗೇ ಕಾಯುತ್ತೆ.”

“ಹಂಗಿದ್ರೆ ನಿಮ್ಮ ಅಂಗಡೀಲಿ ಯಾಕಿಟ್ಟಿದೀರಿ?”

ತೆಪಾಯೆರು ಒಳಕೋಣೆಯಲ್ಲಿದ್ದ ಯಜಮಾನನ ಕಡೆ ನೋಡಿ ದನಿ ತಗ್ಗಿಸಿದಳು. “ದೊಡ್ಡ ನಂಬರ್ ಕೇಳ್ಕೊಂಡು ಬರೋರಿಗೆ.”

ಮಾರಾ ಜೋರಾಗಿ ನಕ್ಕ. ಅವಳು ಆರಿಸಿದ್ದು ಸಣ್ಣ ನಂಬರಿನ ಎರಡು ಬ್ಯಾಟರಿ, ಬೆಲೆ ಜಾಸ್ತಿ. ಜೊತೆಗೆ ಅವನ್ನಿಡಲು ಒಂದು ಪ್ಲಾಸ್ಟಿಕ್ ಪೆಟ್ಟಿಗೆ.

ಅಂದು ಊಟದ ಮೇಜಿನ ಮೇಲೆ ಅವಳು ಎರಡನ್ನೂ ನಿಲ್ಲಿಸಿ ತೋರಿಸಿದಳು. ಇವು ಒಟ್ಟಿಗೆ ಬಂದವು, ಒಟ್ಟಿಗೇ ಇರಬೇಕು. ಒಟ್ಟಿಗೆ ಚಾರ್ಜಿಗೆ ಹಾಕಬೇಕು, ಅದೂ ಬಟ್ಟೆ ಒಗೆಯುವ ಕೋಣೆಯ ಸಿಮೆಂಟು ನೆಲದ ಮೇಲೆ. ಒಂದು ಹೊಸದು ಒಂದು ಹಳೆಯದು ಅಂತ ಸೇರಿಸಿದರೆ ಹೊಸದು ಹಳೆಯದನ್ನು ಹಿಂಡುತ್ತದೆ. ಡಬ್ಬಿಯಿಂದ ತೆಗೆದರೆ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಬರೀ ಜೇಬಿಗಲ್ಲ. ಸಿಪ್ಪೆ ಹರಿದರೆ ತನಗೆ ತೋರಿಸಬೇಕು.

“ಮದುವೆ ಮಾಡಿಸ್ದಂಗಾಯ್ತಲ್ಲ,” ಎಂದಳು ಅಜ್ಜಿ.

“ಹೊಸದು ಹಳೇದನ್ನ ಹಿಂಡೋದು ಮದುವೇಲೂ ಇದ್ದಿದ್ದೇ,” ಎಂದು ಅಕಾಯಿತಿ ಗಂಡನ ತಟ್ಟೆಗೆ ಡಬ್ಬಿಮಾಂಸ ಬಡಿಸಿದಳು.

ಮಾರಾ ಊಟ ಮುಗಿಸಿ, ತಂಬಾಕಿನ ಚೀಲವನ್ನು ಎಲ್ಲರೂ ನೋಡುವಂತೆ ಒಲೆಗೆ ಹಾಕಿದ.

ಆಮೇಲಿನ ವಾರಗಳು ಸುಲಭದವಾಗಿರಲಿಲ್ಲ. ಅವನು ತಟ್ಟೆ ಕುಕ್ಕಿದ, ನಾಯಿಯನ್ನು ಬೈದ, ಕೌದಿಯ ದಾರ ಕಾಲಿಗೆ ಸಿಕ್ಕಿತೆಂದು ತಾಯಿಯ ಮೇಲೂ ರೇಗಿದ. ಅಕಾಯಿತಿ ಶಾಲೆಯ ನೆಲ ಒರೆಸಿ ಬಂದು ಮತ್ತೆ ಮನೆಯ ನೆಲ ಒರೆಸುತ್ತ, “ಬಯ್ಯಿ, ಇನ್ನೂ ಬಯ್ಯಿ, ಸೇದಬೇಡ ಅಷ್ಟೆ,” ಅನ್ನುತ್ತಿದ್ದಳು. ಅಂಗಳದಲ್ಲಿ ಕೂತು ಅವನು ಬಿಡುವ ಮೋಡದಂಥ ಆವಿ ಟೊಕೊರೋವಾದ ಬೆಳಗಿನ ಮಂಜಿನಲ್ಲಿ ಬೆರೆತು ಹೋಗುತ್ತಿತ್ತು. ಒಂದು ಬೆಳಿಗ್ಗೆ ಅಕಾಯಿತಿ ಕಾಲ್ಬೆರಳು ಮುಟ್ಟಿ, ಮತ್ತೊಮ್ಮೆ ಮುಟ್ಟಿದಳು.

“ಯಾಕೆ? ಮೀನು ಕೊಳೀತಾ?”

“ಇಲ್ಲ. ಬೆಚ್ಚಗಿದೆ,” ಎಂದಳು.

ಅದೇ ವಾರ ಆಸ್ಪತ್ರೆಯಿಂದ ಫೋನು ಬಂತು. ತಿಂಗಳ ಕೊನೆಗೆ ಶಸ್ತ್ರಚಿಕಿತ್ಸೆ.

ಸುದ್ದಿ ಕೇಳಿ ಮಾರಾನ ಅಣ್ಣ ರೊಂಗೊ ಬಂದ. ಮರ ಸಾಗಿಸುವ ಲಾರಿಯ ಚಾಲಕ, ಬಾಗಿಲು ತುಂಬುವ ಆಳು. ಚರ್ಚಿನಲ್ಲಿ ಗಂಡಸರ ಸಾಲಿನಿಂದ ಹಾಡು ಎತ್ತಿಕೊಡುವವನು ಅವನೇ. ಬರಿಗೈಲಿ ಬಂದವನಲ್ಲ, ಹಂದಿಯ ಒಂದು ತೊಡೆ ತಂದಿದ್ದ. ತಮ್ಮನನ್ನು ನೋಡಿ ತಾನೂ ತಂಬಾಕು ಬಿಡಲು ಹೊರಟಿದ್ದ. ಯಾರೋ ಕೊಟ್ಟ, ಒಂದೇ ಬ್ಯಾಟರಿಯ ಹಳೆಯ ವೇಪು ಹಿಡಿದುಕೊಂಡು, “ಇದು ಸತ್ತೋಯ್ತು ಮಾರಾ. ಬ್ಯಾಟರಿ ಹೋಗಿದೆ. ಇವತ್ತು ಮಧ್ಯಾಹ್ನದಿಂದ ಲಾರಿಯ ಸ್ಟಿಯರಿಂಗನ್ನೇ ಕಚ್ಚೋ ಹಂಗಾಗಿದೆ,” ಎಂದ.

ತೆಪಾಯೆರು ಅಂಗಡಿಯಿಂದ ಇನ್ನೂ ಬಂದಿರಲಿಲ್ಲ. ಮಾರಾ ತನ್ನ ಡಬ್ಬಿ ತೆರೆದು ಒಂದು ಬ್ಯಾಟರಿ ತೆಗೆದು ಅಣ್ಣನ ಅಂಗೈಯಲ್ಲಿಟ್ಟ. ಆ ಮನೆಯಲ್ಲಿ ಅದು ಯೋಚಿಸಿ ಮಾಡುವ ಕೆಲಸವೇ ಅಲ್ಲ. ಎರಡಿದ್ದದ್ದರಲ್ಲಿ ಒಂದು ಇಲ್ಲದವನಿಗೆ, ಅದರಲ್ಲೂ ಅಣ್ಣನಿಗೆ. ಅಜ್ಜಿ ಸಾಕಿದ್ದೇ ಹಾಗೆ.

ರೊಂಗೊ ಸಾಲ ಇಟ್ಟುಕೊಳ್ಳುವವನಲ್ಲ. ಮಾರನೆಯ ದಿನವೇ ಬದಲಿಗೆ ಒಂದು ತಂದುಕೊಟ್ಟ. ಊರಿನ ಕಸ ಸುರಿಯುವ ಅಂಗಳದಲ್ಲಿ ಕೆಲಸ ಮಾಡುವ ಅವನ ಗೆಳೆಯ ಹಾಳಾದ ಲ್ಯಾಪ್‌ಟಾಪುಗಳ ಹೊಟ್ಟೆ ಬಗೆದು ಬ್ಯಾಟರಿ ತೆಗೆಯುತ್ತಿದ್ದ. ಹೆಂಡತಿಯ ಕೂದಲು ಒಣಗಿಸುವ ಯಂತ್ರದ ಶಾಖಕ್ಕೆ ಹೊಸ ಪ್ಲಾಸ್ಟಿಕ್ ಸಿಪ್ಪೆ ಬಿಗಿಸಿ ನೆಂಟರಿಷ್ಟರಿಗೆಲ್ಲ ಹಂಚುತ್ತಿದ್ದ. ಎಳೆ ಬಾಳೆಯೆಲೆಯಂಥ ಹಸಿರು, ಮಿರಿಮಿರಿ ಮಿಂಚುತ್ತಿತ್ತು.

ಶನಿವಾರ ಮಧ್ಯಾಹ್ನ ಬಟ್ಟೆ ಮಡಿಸುತ್ತಿದ್ದ ತೆಪಾಯೆರು ಅಪ್ಪನ ಕೈಯಿಂದ ಡಬ್ಬಿ ತೆಗೆದುಕೊಂಡು ಬೆಚ್ಚಿದಳು.

“ಯಾಕಪ್ಪ ಇಷ್ಟು ಬಿಸಿ?”

“ಗೊತ್ತಿಲ್ಲ. ಎರಡು ದಿನದಿಂದ ಹಂಗೇ. ಚಳಿಗೆ ಒಳ್ಳೇದೇ ಆಯ್ತು.”

ತೆರೆದರೆ ಒಂದು ಅವಳದ್ದು, ಇನ್ನೊಂದು ಹಸಿರು. ಕರೆಂಟು ತಡೆಯಲು ಅದರ ತಲೆಯ ಸುತ್ತ ಇರಬೇಕಾದ ಬಿಳಿ ಕಾಗದದ ಉಂಗುರವಿಲ್ಲ. ಸಿಪ್ಪೆ ಅಂಚಿನಲ್ಲಿ ಉಗುರಿನಷ್ಟು ಹರಿದು ಲೋಹ ಕಾಣುತ್ತಿತ್ತು.

“ಇದೆಲ್ಲಿಂದ ಬಂತು?”

“ಅಣ್ಣ ಕೊಟ್ಟ.”

“ನಾನು ಕೊಟ್ಟಿದ್ದೆಲ್ಲಿ?”

“ಅಣ್ಣನಿಗೆ ಕೊಟ್ಟೆ.”

“ಜೋಡಿ ಮುರೀಬಾರದು ಅಂದಿದ್ದೆನಲ್ಲಪ್ಪ! ಇದು ಸಿಡಿದ್ರೆ ನಿನ್ನ ಮುಖದ ಮುಂದೆ ಸಿಡಿಯುತ್ತೆ. ದೊಡ್ಡಪ್ಪನ ಹತ್ರ ಅದನ್ನ ವಾಪಸ್ ಕೇಳು.”

“ಕೇಳ್ಬೇಕಾ?” ಮಾರಾ ನೆಟ್ಟಗೆ ಕೂತ. “ಕೊಟ್ಟಿದ್ದನ್ನ ಕೇಳ್ಬೇಕಾ? ಅಣ್ಣನ ಮನೆ ಬಾಗಿಲಲ್ಲಿ ನಿಂತ್ಕೊಂಡು, ನಿನ್ನ ಉಡುಗೊರೆ ನಮ್ಮ ಹುಡುಗಿಗೆ ಹಿಡಿಸ್ಲಿಲ್ಲ ಅನ್ನಲಾ?”

“ನಾನೇ ಕೇಳ್ತೀನಿ ಹಂಗಾದ್ರೆ.”

“ಕೇಳು ನೋಡೋಣ! ಆಮೇಲೆ ಈ ಮನೇಲಿ ನಿನ್ನ ಅಂಗಡಿ ಮಾತು ಎತ್ತಬೇಡ.”

“ಕೂಗ್ಬೇಡಿ ಇಬ್ರೂ,” ಎಂದು ಅಕಾಯಿತಿ ಅಡುಗೆಮನೆಯಿಂದ ಕೂಗಿದಳು. “ಕಾಲಿನ ರಕ್ತ ತಲೆಗೇರೀತು.”

ತೆಪಾಯೆರು ಅಂಗಡಿಗೆ ಹೋದಳು. ಸಂಬಳದಲ್ಲಿ ಹಿಡಿದುಕೊಳ್ಳಿ ಎಂದು ಹೇಳಿ ಹೊಸದೊಂದು ಜೋಡಿ ತಂದು ಅಪ್ಪನ ಡಬ್ಬಿಗೆ ಹಾಕಿದಳು. ಹಸಿರು ಬ್ಯಾಟರಿಯನ್ನು ಬಟ್ಟೆ ಒಗೆಯುವ ಕೋಣೆಯ ಖಾಲಿ ಸೀಸೆಯಲ್ಲಿಟ್ಟಳು, ಸೋಮವಾರ ಅಂಗಡಿಯ ಹಳೆ ಬ್ಯಾಟರಿಗಳ ಡಬ್ಬಕ್ಕೆ ಹಾಕಿದರಾಯಿತು ಎಂದು. ಬೇರೆ ಲೋಹ ತಾಗಿ ಹತ್ತಿಕೊಳ್ಳದಂತೆ ಅದರ ಎರಡೂ ತುದಿಗೆ ಅಂಟುಪಟ್ಟಿ ಸುತ್ತಬೇಕೆಂದು ಅವಳಿಗೆ ತಿಳಿದಿತ್ತು. ಸಿಟ್ಟಿನಲ್ಲಿ ಸುತ್ತಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಹೆಂಗಸರು ತಮ್ಮ ದ್ವೀಪದ ಪದ್ಧತಿಯಂತೆ ಹೆಣೆದ ತೆಂಗಿನ ಗರಿಯ ಬಿಳಿ ಟೋಪಿ ಸರಿಮಾಡಿಕೊಳ್ಳುತ್ತ, ಊಟದ ಪಾತ್ರೆಗಳನ್ನು ಹೊತ್ತು ಚರ್ಚಿನ ಪಕ್ಕದ ಸಭಾಭವನದ ಮುಂದೆ ನಿಂತಿದ್ದರು. ಭವನದ ಬೀಗದ ಕೈಗೊಂಚಲು ಇರುತ್ತಿದ್ದುದು ಮಾರಾನ ಬಳಿ. ಅವನು ಕರಿ ಕೋಟು, ಕರಿ ಪ್ಯಾಂಟಿನಲ್ಲಿ ಕುಂಟುತ್ತ ಬಾಗಿಲಿಗೆ ಬಂದ.

“ಬೇಗ ತೆಗಿ ಮಾರಾ, ಕೆಸುವಿನ ಸೊಪ್ಪು ಆರಿ ಹೋಗ್ತಿದೆ,” ಎಂದು ಯಾರೋ ಹೇಳಿದರು. ಮಾರಾ ಬೀಗ ತೆಗೆದ, ಗೊಂಚಲನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಒಳಗೆ ಬೆಂಚು ಎಳೆಯುವಷ್ಟರಲ್ಲಿ ಬಾಣಬಿರುಸಿನಂಥ ಸುಯ್ಯೆನ್ನುವ ಸದ್ದು. ಅವನ ಪ್ಯಾಂಟಿನ ಬಲಜೇಬಿನಿಂದ ಬಿಳಿ ಹೊಗೆ, ಅದರ ಹಿಂದೆಯೇ ಬೆಂಕಿ. ಜೇಬು ಸುಟ್ಟು ತೂತಾಯಿತು. ಉರಿಯುತ್ತಿದ್ದ ವಸ್ತು ಪ್ಯಾಂಟಿನೊಳಗೇ ಕೆಳಗೆ ಜಾರಿ ಮೊಣಕಾಲು ದಾಟಿ ಕಾಲುಚೀಲದ ಅಂಚಿನಲ್ಲಿ ಸಿಕ್ಕಿಕೊಂಡಿತು. ಎಲ್ಲರೂ ಕಿರುಚುತ್ತಿದ್ದಾಗ ಓಡಿಬಂದವನು ರೊಂಗೊ ಒಬ್ಬನೇ. ಬರಿಗೈಯಿಂದ ಬೆಂಕಿ ಬಡಿದ, ಪ್ಯಾಂಟು ಹರಿದ, ಅದನ್ನು ಕಿತ್ತು ಎಸೆದ. ತೆಪಾಯೆರು ಶರಬತ್ತಿನ ಹಂಡೆಯನ್ನೇ ಎತ್ತಿ ಅಪ್ಪನ ಕಾಲ ಮೇಲೆ ಸುರಿದಳು. ನೆಲದ ಮೇಲೆ ಕಪ್ಪಾದ ಕೊಳವೆಯೊಂದು ಬಿದ್ದಿತ್ತು. ಅದು ಯಾವ ಬಣ್ಣದ್ದಾಗಿತ್ತೆಂದು ಯಾರೂ ಹೇಳುವ ಹಾಗಿರಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಅಪ್ಪನ ಡಬ್ಬಿ ಕೋಟಿನ ಜೇಬಿನಲ್ಲಿ ಸರಿಯಾಗಿಯೇ ಇತ್ತು.

ಆಸ್ಪತ್ರೆಯಲ್ಲಿ ಅಮ್ಮ ಚಹಾ ತರಲು ಹೋದಾಗ ಅವಳು ಕೇಳಿದಳು. “ಸೀಸೆಯಿಂದ ಯಾಕಪ್ಪ ತಗೊಂಡೆ?”

ನೋವಿನ ಮದ್ದಿಗೆ ಮಾರಾನ ನಾಲಿಗೆ ತೊದಲುತ್ತಿತ್ತು. “ಅಣ್ಣ ಕೇಳ್ತಾನಲ್ಲ, ನಾನು ಕೊಟ್ಟಿದ್ದು ಹೆಂಗಿದೆ ಅಂತ. ಕೇಳಿದ್ರೆ ಏನು ತೋರಿಸ್ಲಿ? ಜೇಬಲ್ಲಿ ಇದ್ರೆ ಇಲ್ಲೇ ಇದೆ ನೋಡು ಅನ್ಬೋದು.” ಅವಳ ಮಣಿಕಟ್ಟು ಹಿಡಿದ. “ಅವನಿಗೆ ಹೇಳ್ಬೇಡ. ಅವನ ಕೈ ಎರಡೂ ಸುಟ್ಟಿದೆ. ಅಂಗಡೀದು ಅನ್ನು.”

ಅವಳು ಕೈ ಬಿಡಿಸಿಕೊಂಡು ಅವನ ಹೊದಿಕೆ ಸರಿಮಾಡಿದಳು.

ರಕ್ತ ಸಂಚಾರ ಸರಿಯಿದ್ದ ತೊಡೆಯ ಗಾಯ ನಿಧಾನವಾಗಿ ಮಾಯಿತು. ಮೊಣಕಾಲ ಕೆಳಗಿನದು ಮಾಯಲಿಲ್ಲ. ಬೇರೆಡೆಯಿಂದ ತೆಗೆದು ಹಚ್ಚಿದ ಚರ್ಮ ಒದ್ದೆ ಕಾಗದದ ಹಾಗೆ ಸುಲಿದು ಬಂತು. ಹೊಸ ದಾರಿ ಮಾಡುವ ಮಾತನ್ನು ವೈದ್ಯೆ ಮತ್ತೆ ಎತ್ತಲಿಲ್ಲ. ಪಾದ ಕಪ್ಪಾಯಿತು, ಕಪ್ಪು ಮೇಲೇರಿತು. ಅಕಾಯಿತಿ ಅದನ್ನೂ ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಲೇ ಇದ್ದಳು, ಮೊಣಕಾಲಿನ ಹತ್ತಿರ ಕತ್ತರಿಸಿ ತೆಗೆಯುವ ತನಕ. ಕಾಲು ತೆಗೆಯಲು ಒಪ್ಪಿ ಸಹಿ ಹಾಕಿ ಹೊರಗೆ ಬಂದು ಮಗಳಿಗೆ ಅವಳು ಹೇಳಿದ್ದು ಒಂದೇ ಮಾತು. “ಆ ಹಾಳು ಸಾಮಾನನ್ನ ಮನೆಗೆ ತಂದೋಳು ನೀನು.”

ಊರಲ್ಲೂ ಅದೇ ಮಾತು. ರೊಂಗೊ ಬ್ಯಾಂಡೇಜು ಸುತ್ತಿದ ಕೈಗಳನ್ನು ಎತ್ತಿ ತೋರಿಸುತ್ತ ಸಭಾಭವನದಲ್ಲಿ ಹೇಳಿದ, ಆ ಅಂಗಡಿಯ ಬ್ಯಾಟರಿಯೇ ತನ್ನ ತಮ್ಮನ ಕಾಲು ತಿಂದದ್ದು ಎಂದು. ಗಿರಾಕಿಗಳು ಕಡಿಮೆಯಾದರು. ಯಜಮಾನ ತೆಪಾಯೆರುವಿಗೆ ವಾರದಲ್ಲಿ ಅರ್ಧ ಕೆಲಸವಷ್ಟೇ ಉಳಿಸಿದ. ಅಮ್ಮ ಮನೆಯಲ್ಲಿ ಅವಳಿಗೆ ತಟ್ಟೆ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅಪ್ಪ ಕೇಳಿಕೊಂಡಂತೆ ಅವಳು ಯಾರಿಗೂ ನಿಜ ಹೇಳಲಿಲ್ಲ. ಅಪ್ಪ ಗಾಲಿಕುರ್ಚಿಯಲ್ಲಿ ಮನೆಗೆ ಬಂದ. ಎಡಗಾಲಿಗೂ ಅದೇ ಕಾಯಿಲೆ ಶುರುವಾಗಿದೆ, ಮತ್ತೆ ತಂಬಾಕು ಮುಟ್ಟಿದರೆ ಅದೂ ಹೋಗುತ್ತದೆ ಎಂದು ವೈದ್ಯೆ ಹೇಳಿ ಕಳಿಸಿದ್ದಳು. ಮಾರಾ ಇನ್ನೂ ಮುಟ್ಟಿರಲಿಲ್ಲ. ವೇಪು ಎಳೆಯುತ್ತ ಕಿಟಕಿಯ ಬಳಿ ಕೂರುತ್ತಿದ್ದ. ಪ್ರತಿ ಸಂಜೆ ಅಣ್ಣ ಬಂದರೆ ಮಾತ್ರ ಮುಖ ಅರಳುತ್ತಿತ್ತು.

ಒಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ರೊಂಗೊ ಜೇಬಿನಿಂದ ಏನೋ ತೆಗೆದು ತಮ್ಮನ ತಟ್ಟೆಯ ಪಕ್ಕ ಇಟ್ಟ. ಎರಡು ಬ್ಯಾಟರಿ. ಎರಡೂ ಹಸಿರು.

“ಅಂಗಡೀವನ್ನ ಬಿಸಾಕು. ಇವತ್ತಿಂದ ಇದನ್ನ ಹಾಕ್ಕೊ. ಗೊತ್ತಿರೋನು ಕೈಯಾರೆ ಮಾಡಿದ್ದು.”

ಮಾರಾ ಬ್ಯಾಟರಿ ನೋಡಿದ, ಮಗಳನ್ನು ನೋಡಲಿಲ್ಲ. “ಆಗ್ಲಿ ಅಣ್ಣ,” ಎಂದು ಕೈ ಚಾಚಿದ.

ತೆಪಾಯೆರು ಅವನಿಗಿಂತ ಮುಂಚೆ ಅವೆರಡನ್ನೂ ಎತ್ತಿಕೊಂಡಳು. “ಬೇಡ ದೊಡ್ಡಪ್ಪ.”

“ಏನು ಬೇಡ?”

“ಅವತ್ತು ಸಿಡಿದಿದ್ದು ಅಂಗಡೀದಲ್ಲ. ನೀವು ಕೊಟ್ಟಿದ್ದು. ಸಿಪ್ಪೆ ಹರಿದಿತ್ತು, ನಾನು ತೆಗೆದಿಟ್ಟಿದ್ದೆ. ನೀವು ಕೇಳ್ತೀರಿ ಅಂತ ಅಪ್ಪ ಜೇಬಲ್ಲಿ ಇಟ್ಕೊಂಡಿದ್ದ. ಬೀಗದ ಕೈ ತಾಗಿ ಹತ್ಕೊಂಡಿತು.”

ಅಕಾಯಿತಿಯ ಕೈಯ ಸೌಟು ಪಾತ್ರೆಯ ಮೇಲೆಯೇ ನಿಂತಿತು.

“ಸುಳ್ಳು!” ಎಂದ ಮಾರಾ. “ಅಂಗಡಿ ಉಳಿಸ್ಕೊಳ್ಳೋಕೆ ಹೇಳ್ತಿದಾಳೆ. ನೀನು ಊಟ ಮಾಡು ಅಣ್ಣ.”

ರೊಂಗೊ ತಮ್ಮನ ಮುಖವನ್ನೇ ನೋಡಿದ. “ನನ್ನ ಕಣ್ಣು ನೋಡಿ ಹೇಳು ಮಾರಾ.”

ಮಾರಾ ತಟ್ಟೆ ನೋಡಿದ.

“ಹೇಳೋ,” ಎಂದಳು ಅಜ್ಜಿ. “ನಿನ್ನಣ್ಣ ಕೇಳ್ತಿದಾನೆ.”

ರೊಂಗೊ ಗುಲಾಬಿ ಬಣ್ಣಕ್ಕೆ ತಿರುಗಿದ್ದ ತನ್ನ ಅಂಗೈಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟ. “ಇಷ್ಟು ವಾರ,” ಎಂದ. “ಇಷ್ಟು ವಾರ ಇಡೀ ಸಭೆ ಮುಂದೆ ಆ ಅಂಗಡೀನ ಶಪಿಸಿದ್ನಲ್ಲೋ. ನೀವೆಲ್ಲ ಕೂತ್ಕೊಂಡು ಕೇಳಿಸ್ಕೊಂಡ್ರಿ.”

“ನನಗೆ ಗೊತ್ತಿರ್ಲಿಲ್ಲ ಭಾವ,” ಎಂದಳು ಅಕಾಯಿತಿ.

ರೊಂಗೊ ಎದ್ದ. ಬಡಿಸಿದ್ದು ಹಾಗೆಯೇ ಉಳಿಯಿತು. ಆ ಮನೆಯಿಂದ ಅವನು ಉಣ್ಣದೆ ಹೋದದ್ದು ಅದೇ ಮೊದಲು. ಲಾರಿಯ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು.

“ಕಾಲು ಹೋದಾಗ ನಿನಗೆ ಒಂದು ಮಾತು ಅಂದ್ನಾ ನಾನು?” ಎಂದ ಮಾರಾ ಮಗಳಿಗೆ. ಕೂಗಲಿಲ್ಲ. “ಈಗ ಅಣ್ಣನ್ನೂ ಕಳೆದೆ.”

“ಆ ಬ್ಯಾಟರಿ ಹಾಕ್ಕೊಂಡಿದ್ರೆ ನಿನ್ನ ಮುಖ ಸುಡ್ತಿತ್ತು ಅಪ್ಪ.”

“ಸುಡ್ಲಿ. ಮುಖ ಇಟ್ಕೊಂಡು ಏನ್ಮಾಡ್ಲಿ?”

ರೊಂಗೊ ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಭಾನುವಾರ ಚರ್ಚಿಗೆ ಹೋಗಿಬಂದ ಅಜ್ಜಿ, ಗಂಡಸರ ಸಾಲಿನಲ್ಲಿ ಹಾಡು ಎತ್ತಲು ಯಾರೂ ಇರಲಿಲ್ಲ ಎಂದು ಮಾತ್ರ ಹೇಳಿ ಸೂಜಿ ಹಿಡಿದಳು. ಅಕಾಯಿತಿ ಮಗಳೊಂದಿಗೆ ಮಾತಾಡತೊಡಗಿದ್ದಳು. ಉಪ್ಪು ಕೊಡು, ಸೌದೆ ತಾ, ಅಷ್ಟರಮಟ್ಟಿಗೆ. ಮಾರಾ ವೇಪನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟವನು ಮತ್ತೆ ಎತ್ತಲಿಲ್ಲ. ಊಟವನ್ನು ಕೆದಕಿ ತಟ್ಟೆ ಸರಿಸುತ್ತಿದ್ದ. ಶುಕ್ರವಾರ ಅವನು ಮಗಳನ್ನು ಕರೆದ.

“ಪೇಟೆಯಿಂದ ತಂಬಾಕಿನ ಚೀಲ ತಗೊಂಡ್ ಬಾ.”

“ಅಪ್ಪ, ಇನ್ನೊಂದು ಕಾಲು...”

“ನನ್ನ ಅಣ್ಣ ಬರದ ಮನೇಲಿ ನಾನು ಇನ್ನೊಂದು ಕಾಲು ಇಟ್ಕೊಂಡು ಯಾರ ಮನೆಗೆ ನಡ್ಕೊಂಡು ಹೋಗ್ಬೇಕು? ತರ್ತೀಯೋ, ಪಕ್ಕದ ಮನೆಯೋನಿಗೆ ಹೇಳ್ಲೋ?”

ಅಡುಗೆಮನೆಯಲ್ಲಿ ಅಕಾಯಿತಿ ಕೇಳಿಸಿಕೊಂಡಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಕೆಸುವಿನ ಸೊಪ್ಪನ್ನು ದೊಡ್ಡ ಪಾತ್ರೆಗೆ ಸುರಿದು, ಬಟ್ಟೆ ಕಟ್ಟಿ ಮಗಳ ಕೈಗಿಟ್ಟಳು. “ದೊಡ್ಡಪ್ಪನ ಮನೆಗೆ ಕೊಟ್ಟು ಬಾ. ಏನಂದ್ರೂ ಅನ್ನಿಸ್ಕೊ.”

ರೊಂಗೊನ ಅಂಗಳದಲ್ಲಿ ಲಾರಿ ನಿಂತಿತ್ತು. ಒಳಗೆ ಟಿವಿಯಲ್ಲಿ ರಗ್ಬಿ ಆಟದ ಗದ್ದಲ. ಅವಳು ಬಾಗಿಲು ತಟ್ಟಿದಳು. ಗದ್ದಲ ತಟ್ಟನೆ ಕಡಿಮೆಯಾಯಿತು.

“ದೊಡ್ಡಪ್ಪ, ನಾನು ತೆಪಾಯೆರು. ಅಮ್ಮ ಊಟ ಕಳಿಸಿದಾಳೆ.”

ಯಾರೋ ಉಸಿರು ಬಿಟ್ಟ ಹಾಗೆ ಕುರ್ಚಿಯೊಂದು ಕಿರುಗುಟ್ಟಿತು. ಅವಳು ಮತ್ತೆ ತಟ್ಟಿದಳು. “ಅಪ್ಪ ಮತ್ತೆ ತಂಬಾಕು ಕೇಳ್ತಿದಾನೆ ದೊಡ್ಡಪ್ಪ. ನೀವೊಂದ್ಸಲ ಬನ್ನಿ.” ಬಾಗಿಲು ತೆರೆಯಲಿಲ್ಲ. ಚಳಿಗೆ ಬೆರಳು ಮರಗಟ್ಟುವ ತನಕ ನಿಂತಳು. ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು, ನಾಯಿ ಮುಟ್ಟದಂತೆ ಮುಚ್ಚಳದ ಮೇಲೆ ಕಲ್ಲು ಹೇರಿ ಹಿಂತಿರುಗಿದಳು. ಅಂಗಳ ದಾಟುವಾಗ ಟಿವಿಯ ಗದ್ದಲ ಮತ್ತೆ ಏರಿತು.

ಮನೆಯಲ್ಲಿ ಅಪ್ಪ ಬಾಗಿಲಿಗೆ ಮುಖ ಮಾಡಿ ಕೂತಿದ್ದ. ಅವಳ ಕೈ ನೋಡಿದ. ತಂಬಾಕೂ ಇರಲಿಲ್ಲ, ಪಾತ್ರೆಯೂ ಇರಲಿಲ್ಲ.

“ಎಲ್ಲಿಗೆ ಹೋಗಿದ್ದೆ?”

“ದೊಡ್ಡಪ್ಪನ ಮನೆಗೆ.”

“ಬೈದ್ನಾ?”

“ಇಲ್ಲ.” ತೆಪಾಯೆರು ಕೋಟು ಬಿಚ್ಚುತ್ತ ಗೋಡೆಯ ಕಡೆ ತಿರುಗಿದಳು. “ಒಳಗೆ ಕರೆದ್ರು. ಪಾತ್ರೆ ತಗೊಂಡ್ರು. ನಿನ್ನ ಕಾಲು ಹೇಗಿದೆ ಅಂತ ಕೇಳಿದ್ರು.”

“ಮತ್ತೆ?”

“ಭಾನುವಾರ ಬರ್ತಾರಂತೆ.”

ಮಾರಾ ಬಹಳ ಹೊತ್ತು ಅವಳ ಬೆನ್ನು ನೋಡುತ್ತ ಕೂತ. ಆಮೇಲೆ ಕಿಟಕಿಯ ಕಟ್ಟೆಯಿಂದ ವೇಪು ಎತ್ತಿ, ಧೂಳು ಒರೆಸಿ, ಬಾಯಿಗಿಟ್ಟುಕೊಂಡ.

ಅವಳು ಅಡುಗೆಮನೆಗೆ ಬಂದಳು. ಅಕಾಯಿತಿ ಒದ್ದೆ ಕೈಯಲ್ಲಿ ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಮಗಳ ಕಣ್ಣು ತುಂಬಿದ್ದನ್ನು ನೋಡಿದಳು. ನಲ್ಲಿ ನಿಲ್ಲಿಸಿ, ಮುಂದಿನ ಕೋಣೆಗೆ ಕೇಳುವಷ್ಟು ಜೋರಾಗಿ ಹೇಳಿದಳು:

“ಪಾತ್ರೆ ಬಿಟ್ಟು ಬಂದ್ಯಾ? ಇರ್ಲಿ ಬಿಡು, ಭಾನುವಾರ ಭಾವನೇ ತರ್ತಾರೆ.”